ಚಳಿಯಿದ್ದರೆ ಸಾಲದು, ಮಂಜಿಗೆ ತೇವವೂ ಬೇಕು

'ಚಳಿ ಜಾಸ್ತಿಯಾಯ್ತು, ಅದಕ್ಕೇ ಮಂಜು' ಎಂಬ ಮಾತು ಪ್ರತಿ ಡಿಸೆಂಬರ್‌ನಲ್ಲೂ ಕಿವಿಗೆ ಬೀಳುತ್ತದೆ. ಹಾಗಿದ್ದರೆ ದಾರಿ ಮುಸುಕುವ ದೇಶದ ಮಂಜೆಲ್ಲ ಕೊರೆಯುವ ಚಳಿಗೆ ಹೆಸರಾದ ಲಡಾಖಿನ ದ್ರಾಸ್‌ನಲ್ಲೇ ಇರಬೇಕಿತ್ತು. ಆದರೆ ವಿಮಾನ, ರೈಲುಗಳನ್ನು ಕಟ್ಟಿಹಾಕುವ ಮಂಜು ಕವಿಯುವುದು ಪಂಜಾಬಿನಿಂದ ಬಿಹಾರದವರೆಗಿನ ಬಯಲಿನಲ್ಲಿ. ನೀರು ಹಾಯಿಸಿದ ಗೋಧಿ ಹೊಲಗಳು ಅಲ್ಲಿವೆ. ಮೆಡಿಟರೇನಿಯನ್ ಕಡೆಯಿಂದ ಬರುವ 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಎಂಬ ಮಳೆಸುಳಿ ಸುರಿಸಿದ ಮಳೆಯ ತೇವವೂ ಜೊತೆಗಿರುತ್ತದೆ.

ಹವಾಮಾನದವರು ಕಣ್ಣಿಡುವುದು ಆ ಮಳೆ ನಿಂತ ರಾತ್ರಿಗಳ ಮೇಲೆ. ಮೋಡವೆಂದರೆ ನೆಲ ಹೊದ್ದ ಕಂಬಳಿ. ಅದು ಸರಿದ ಕೂಡಲೇ ನೆಲದ ಕಾವು ಆಕಾಶಕ್ಕೆ ಸೋರಿ, ನೆಲಕ್ಕಂಟಿದ ಗಾಳಿ ತಣ್ಣಗಾಗುತ್ತದೆ. ಅದರ ತೇವ ಸಣ್ಣ ಹನಿಗಳಾಗಿ ತೇಲುವುದೇ ಮಂಜು. ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಗಾಳಿ ಪೂರ್ತಿ ನಿಂತರೆ ತೇವವೆಲ್ಲ ಇಬ್ಬನಿಯಾಗಿ ಹುಲ್ಲಿಗೇ ಇಳಿದುಬಿಡುತ್ತದೆ. ಜೋರಾಗಿ ಬೀಸಿದರೆ ಮೇಲಿನ ಒಣಗಾಳಿ ಬೆರೆತು ಮಂಜು ಚದುರುತ್ತದೆ. ಕಡೆಗೋಲನ್ನು ಮೆಲ್ಲಗೆ ಆಡಿಸಿದಷ್ಟು ಗಾಳಿ ಬೇಕು, ಅಷ್ಟೇ.

ಒಮ್ಮೆ ಕವಿದ ಮಂಜು ಹಗಲಿನ ಬಿಸಿಲನ್ನು ಮೇಲಕ್ಕೇ ತಿರುಗಿಸಿ ಕಳಿಸುತ್ತದೆ, ಹಗಲೂ ತಣ್ಣಗೇ ಉಳಿಯುತ್ತದೆ. ಅದಕ್ಕೇ ಹವಾಮಾನ ಇಲಾಖೆ ಎರಡು ಲೆಕ್ಕ ಇಟ್ಟಿದೆ. ಬಯಲಿನಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿದ್ದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕುಸಿದಿದ್ದರೆ ಶೀತಗಾಳಿ. ಕನಿಷ್ಠ ಅಷ್ಟೇ ಇದ್ದು, ಗರಿಷ್ಠ ಉಷ್ಣಾಂಶ ಹೀಗೆ ಕುಸಿದರೆ ಅದು 'ಶೀತ ದಿನ'. ಸುದ್ದಿವಾಹಿನಿಗಳು ಇವೆರಡನ್ನೂ ಕಲಸಿಬಿಡುತ್ತವೆ!

ಇನ್‌ಸ್ಯಾಟ್ ಉಪಗ್ರಹಗಳು ರಾತ್ರಿಯ ಮಂಜನ್ನು ಕಣ್ಣಿಗೆ ಕಾಣದ ಎರಡು ಅತಿಗೆಂಪು (ಇನ್‌ಫ್ರಾರೆಡ್) ಅಲೆಗಳಲ್ಲಿ, ಅಂದರೆ 3.9 ಮತ್ತು 10.8 ಮೈಕ್ರಾನ್‌ನಲ್ಲಿ, ಕಾಣುವ ಉಷ್ಣಾಂಶದ ವ್ಯತ್ಯಾಸದಿಂದ ಗುರುತಿಸುತ್ತವೆ. ಮೇಲೆ ಮೋಡವಿದ್ದರೆ ಅವೂ ಕುರುಡು. ರನ್‌ವೇಯಲ್ಲಿ ಎಷ್ಟು ದೂರ ಕಾಣುತ್ತದೆ ಎಂಬ ನಿಖರ ಲೆಕ್ಕ ಸಿಗುವುದು ನೆಲದ ಮೇಲೇ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ 'ದೃಷ್ಟಿ' ಅಂಥ ಉಪಕರಣ. ಒಂದು ಕಂಬದ ದೀಪ ಇನ್ನೊಂದು ಕಂಬದ ಕಣ್ಣಿಗೆ ಬೆಳಕು ಬಿಡುತ್ತದೆ. ದಾರಿಯಲ್ಲಿ ಎಷ್ಟು ಬೆಳಕು ಕಳೆಯಿತೋ ಮಂಜು ಅಷ್ಟು ದಟ್ಟ.

ಕಂಬಗಳ ನಡುವೆ 30 ಮೀಟರ್ ಎಂದಿಟ್ಟುಕೊಳ್ಳಿ. ಬೆಳಕು ನೂರಕ್ಕೆ 5ಕ್ಕೆ ಇಳಿಯುವ ದೂರವೇ ಗೋಚರತೆ. ಅದು 50 ಮೀಟರ್ ಇದ್ದಾಗ ಆಚೆ ಕಂಬಕ್ಕೆ ನೂರಕ್ಕೆ ಸುಮಾರು 17 ಪಾಲು ಬೆಳಕು ಮುಟ್ಟುತ್ತದೆ. 1000 ಮೀಟರ್ ಇದ್ದಾಗ ಸುಮಾರು 91 ಪಾಲು. ತೊಂದರೆ ಇಲ್ಲೇ ಇರುವುದು. ಗಾಜಿನ ಮೇಲಿನ ದೂಳೋ ಜೇಡರ ಬಲೆಯೋ 9 ಪಾಲು ಬೆಳಕು ನುಂಗಿದರೆ, ತಿಳಿಯಾದ ಗಾಳಿಯಲ್ಲೂ ಉಪಕರಣ 'ಒಂದೇ ಕಿಲೋಮೀಟರ್' ಎನ್ನುತ್ತದೆ. ಅದೇ ಕೊಳೆಯ ಗಾಜು 50 ಮೀಟರ್ ಮಂಜಿನಲ್ಲಿ ತೋರಿಸುವುದು ಸುಮಾರು 48. ತಪ್ಪು ಅಷ್ಟಾಗಿ ಗೊತ್ತೇ ಆಗದು. ಗಾಜು ಒರೆಸಿ ಸರಿಹೊಂದಿಸಲು ಮಂಜೇ ಇಲ್ಲದ ಸ್ವಚ್ಛ ದಿನವನ್ನು ಕಾಯುವುದು ಇದಕ್ಕೇ.