ತೆರಿಗೆ, ಪ್ರೀಮಿಯಂ ಮತ್ತು ರೂಮ್ ಬಾಡಿಗೆಯ ಲೆಕ್ಕ

'ಸಾರ್ವತ್ರಿಕ ಆರೋಗ್ಯ ರಕ್ಷಣೆಯನ್ನೂ ಖಾಸಗಿ ಆರೋಗ್ಯ ವಿಮೆಯನ್ನೂ ಹೋಲಿಸಿ.' ರಾಯಚೂರಿನ ನಮ್ಮ ಓದುವ ಗುಂಪಿನಲ್ಲಿ ಈ ವಾರ ಉತ್ತರ ಬರೆಯಲು ಕೂತು ಬಿಡಿಸಿದ ಪ್ರಶ್ನೆ ಇದು. ಎರಡಕ್ಕೂ ದುಡ್ಡು ಕೊಡುವವರು ಕೊನೆಗೆ ನಾವೇ. ಹಾಗಾಗಿ ಮೂರು ವಿಷಯ ಹಿಡಿದುಕೊಳ್ಳಿ. ದುಡ್ಡು ಯಾವಾಗ ಕೊಡುತ್ತೇವೆ? ಏನು ನೋಡಿ ಎಷ್ಟು ಅಂತ ಗೊತ್ತು ಮಾಡುತ್ತಾರೆ? ಬಿಲ್ಲು ಅಂದಾಜು ಮೀರಿದರೆ ಅದು ಯಾರ ತಲೆಗೆ? ನನಗೆ ಮೂರನೆಯದೇ ಮುಖ್ಯ ಅನ್ನಿಸಿತು.

ದುಡ್ಡಿನ ದಾರಿ

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಗಿದ್ದು 1948ರ ಜುಲೈ 5ರಂದು. ಆಗ ಆರೋಗ್ಯ ಸಚಿವರಾಗಿದ್ದವರು ಅನ್ಯೂರಿನ್ ಬೆವನ್. ಹಣ ಬಹುಪಾಲು ತೆರಿಗೆಯಿಂದ ಬರುತ್ತದೆ. ಜಾಸ್ತಿ ಗಳಿಸುವವರು ಜಾಸ್ತಿ ಕಟ್ಟುತ್ತಾರೆ, ಚಿಕಿತ್ಸೆ ಮಾತ್ರ ಕಾಯಿಲೆ ನೋಡಿ ಸಿಗುತ್ತದೆ. ಜರ್ಮನಿಯದು 1883ರಲ್ಲಿ ಅಲ್ಲಿನ ಚಾನ್ಸೆಲರ್ ಬಿಸ್ಮಾರ್ಕ್ ತಂದ ದಾರಿ. ಅಲ್ಲಿ ಸಂಬಳದಿಂದ ವಂತಿಗೆ ಹಿಡಿಯುತ್ತಾರೆ. ನಮ್ಮ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೇ ಜಾತಿಗೆ ಸೇರಿದ್ದು. ನೌಕರನ ಪಾಲು ಶೇ 0.75, ಮಾಲೀಕನ ಪಾಲು ಶೇ 3.25.

ಖಾಸಗಿ ವಿಮೆಯಲ್ಲಿ ಪ್ರೀಮಿಯಂ ನಿಲ್ಲುವುದು ವಯಸ್ಸು, ಹಳೆ ಕಾಯಿಲೆ, ವಿಮೆ ಮೊತ್ತದ ಮೇಲೆ. ಇಲ್ಲಿ ಕಂಪನಿಗೆ ಒಂದು ಭಯ ಇದೆ. ಕಾಯಿಲೆ ಬರುವ ಸೂಚನೆ ಇದ್ದವರೇ ಜಾಸ್ತಿ ಸೇರುತ್ತಾರೆ, ಗಟ್ಟಿಮುಟ್ಟಾದವರು ಹೊರಗೆ ಉಳಿಯುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ರೈತರು ಬೆಳೆ ವಿಮೆ ಬೇಡ ಅಂದು, ನೀರು ತಲುಪದ ಕೊನೆ ಭಾಗದವರು ಮಾತ್ರ ಕಟ್ಟಿದರೆ ಏನಾಗುತ್ತದೆ? ಪರಿಹಾರ ಏರುತ್ತದೆ, ಅದರ ಹಿಂದೆ ಪ್ರೀಮಿಯಮ್ಮೂ ಏರುತ್ತದೆ. ಅದಕ್ಕೇ ವೇಟಿಂಗ್ ಪೀರಿಯಡ್, ಅಂದರೆ ಕ್ಲೇಮ್ ಸಿಗದೆ ಕಾಯಬೇಕಾದ ಅವಧಿ. ಅಪಘಾತ ಬಿಟ್ಟರೆ ಮೊದಲ 30 ದಿನ ಕ್ಲೇಮ್ ಇಲ್ಲ. ಹಳೆ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು 4 ವರ್ಷ ಇತ್ತು. ತೆರಿಗೆಯ ಪದ್ಧತಿಯಲ್ಲಿ ಎಲ್ಲರೂ ಮೊದಲೇ ಒಳಗಿರುತ್ತಾರೆ, ಕಾಯಿಸುವ ಅಗತ್ಯವೇ ಬರುವುದಿಲ್ಲ.

ನಮ್ಮ ಕಾರ್ಡು ಎಲ್ಲಿ ಕೂರುತ್ತದೆ?

ನಮ್ಮ ಭಾಗದವರು ಆಯುಷ್ಮಾನ್ ಕಾರ್ಡಿನ ವಿಷಯವನ್ನು ಉತ್ತರದಲ್ಲಿ ಬರೆಯಲೇಬೇಕು. ಬಡವರಿಗಾಗಿ ರಾಜ್ಯ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದಿದ್ದೇ ಕಲಬುರಗಿ ವಿಭಾಗಕ್ಕೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಅದರಲ್ಲಿದ್ದವು. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಬಂತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಉಳಿದವರಿಗೆ ಪ್ಯಾಕೇಜ್ ದರದ (ಒಂದು ಚಿಕಿತ್ಸೆಗೆ ನಿಗದಿ ಮಾಡಿದ ಒಟ್ಟು ದರ) ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ.

ಇದು ಮಿಶ್ರ ಪದ್ಧತಿ. ಹಣ ತೆರಿಗೆಯದ್ದು, ಆದರೆ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯಿಂದಲೂ ಕೊಳ್ಳುತ್ತಾರೆ. ಹಳೆ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಪ್ರತಿ ಚಿಕಿತ್ಸೆಗೆ ಇಷ್ಟು ಅಂತ ದರ ನಿಗದಿ ಇದೆ. ಹಾಸಿಗೆ, ಸರ್ಜನ್, ಔಷಧಿ, ಪರೀಕ್ಷೆ ಎಲ್ಲ ಅದರೊಳಗೆ. ಖರ್ಚು ಮೀರಿದರೆ ಆಸ್ಪತ್ರೆಯೇ ಹೊರಬೇಕು. ಬಿಪಿಎಲ್ ರೋಗಿಯಿಂದ ಮೇಲೆ ಕೇಳುವ ಹಾಗಿಲ್ಲ. ಕೇಳಿದರೆ ಅಲ್ಲೇ ಇರುವ ಯೋಜನೆಯ ಸಹಾಯಕರಿಗೆ, ಅಂದರೆ ಆರೋಗ್ಯಮಿತ್ರರಿಗೆ ಹೇಳಿ.

ತೊಡಕು ರೆಫರಲ್‌ನಲ್ಲಿ. ಸರಳ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡದಕ್ಕೆ ಮೊದಲು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಂಥ ಕಡೆ ತೋರಿಸಬೇಕು. ಅಲ್ಲಿ ಸೌಲಭ್ಯ ಇಲ್ಲ ಅಂತ ಚೀಟಿ ಬರೆದುಕೊಟ್ಟ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ. ಲಿಂಗಸುಗೂರಿನ ಕಡೆಯಿಂದ ರೋಗಿಯನ್ನು ಕರೆದುಕೊಂಡು ಬರುವವರಿಗೆ ಈ ಒಂದು ಚೀಟಿಗೆ ಒಂದು ದಿನದ ಕೂಲಿ ಹೋಗುತ್ತದೆ. ಖಾಸಗಿ ಪಾಲಿಸಿಯ ನಿಜವಾದ ಅನುಕೂಲ ಇಲ್ಲೇ ಇದೆ. ಚೀಟಿ ಬೇಡ, ಆಸ್ಪತ್ರೆ ಕಂಪನಿಯ ನೆಟ್‌ವರ್ಕ್‌ನಲ್ಲಿದ್ದರೆ (ಅದರ ಜೊತೆ ಒಪ್ಪಂದ ಇದ್ದರೆ) ಹೈದರಾಬಾದಿಗೂ ನೇರ ಹೋಗಬಹುದು.

ರೂಮ್ ಬಾಡಿಗೆ: ಇದನ್ನು ನಿಧಾನವಾಗಿ ಓದಿ

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಈ ಭಾಗ. ಅನೇಕ ಪಾಲಿಸಿಗಳಲ್ಲಿ ದಿನದ ರೂಮ್ ಬಾಡಿಗೆಗೆ ಮಿತಿ ಇರುತ್ತದೆ. ವಿಮೆ ಮೊತ್ತದ ಶೇ 2 ಅಂದುಕೊಳ್ಳಿ. ಮೊತ್ತ 2 ಲಕ್ಷ ಇದ್ದರೆ ಮಿತಿ ದಿನಕ್ಕೆ 4,000. ನೀವು 8,000ದ ರೂಮಿನಲ್ಲಿ 4 ದಿನ ಇದ್ದಿರಿ. ಬಿಲ್ಲು ಹೀಗೆ ಬಂತು: ರೂಮು 32,000, ಆಪರೇಷನ್ ಮತ್ತು ಡಾಕ್ಟರ್ ಫೀಸು 60,000, ಔಷಧಿ ಮತ್ತು ಪರೀಕ್ಷೆ 28,000. ಒಟ್ಟು 1,20,000.

ರೂಮಿನ ವ್ಯತ್ಯಾಸ 16,000 ನಮ್ಮದು, ಉಳಿದದ್ದು ಕಂಪನಿಯದು ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಗೆ ಹೋಗುವುದಿಲ್ಲ. ರೂಮಿನಲ್ಲಿ ಯಾವ ಪ್ರಮಾಣ ಕಡಿತ ಆಯಿತೋ, ರೂಮಿಗೆ ಅಂಟಿಕೊಂಡ ಫೀಸುಗಳಲ್ಲೂ ಅದೇ ಪ್ರಮಾಣ ಕಡಿತ. ನೆನಪಿಗೆ ಒಂದು ಸೂತ್ರ: ಮಿತಿ ಮೇಲೆ, ಬಾಡಿಗೆ ಕೆಳಗೆ. 4,000 ಭಾಗಿಸು 8,000, ಅಂದರೆ ಅರ್ಧ.

ರೂಮಿಗೆ 16,000 ಸಿಗುತ್ತದೆ. ಫೀಸಿನ 60,000ದಲ್ಲಿ 30,000 ಸಿಗುತ್ತದೆ. ಔಷಧಿ, ಪರೀಕ್ಷೆಗೆ ಈ ಕಡಿತ ಹಾಕುವ ಹಾಗಿಲ್ಲ, ಅದು ಪೂರ್ತಿ 28,000. ಸ್ಟೆಂಟಿನಂಥ ಸಾಧನಕ್ಕೂ ಐಸಿಯು ಶುಲ್ಕಕ್ಕೂ ಹಾಕುವ ಹಾಗಿಲ್ಲ. ಒಟ್ಟು ಬಂದದ್ದು 74,000. ಕೈಯಿಂದ 46,000. ಪಾಲಿಸಿಯಲ್ಲಿ ಶೇ 5 ಕೋ-ಪೇ (ಪ್ರತಿ ಕ್ಲೇಮಿನಲ್ಲೂ ರೋಗಿ ಹೊರಬೇಕಾದ ಪಾಲು) ಇದ್ದರೆ 74,000ದಲ್ಲಿ ಇನ್ನೂ 3,700 ಹೋಗಿ, ಕೈಯಿಂದ 49,700.

ಯಾಕೆ ಹೀಗೆ? ಹಲವು ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದ ಹಾಗೆ ಸರ್ಜನ್ ಫೀಸೂ ಏರುತ್ತದೆ. ದೊಡ್ಡ ರೂಮ್ ಆರಿಸಿದ್ದು ರೋಗಿ, ಏರಿದ ಫೀಸು ನಾವು ಯಾಕೆ ಕೊಡಬೇಕು ಅನ್ನುವುದು ಕಂಪನಿಯ ವಾದ. ಅದಕ್ಕೇ ಅಡ್ಮಿಟ್ ಆಗುವ ಮುಂಚೆ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ: ರೂಮ್ ಬದಲಾದರೆ ಡಾಕ್ಟರ್ ಫೀಸು ಬದಲಾಗುತ್ತದಾ? ಬದಲಾಗುವುದಿಲ್ಲ ಎಂದಾದರೆ ಫೀಸಿನ ಮೇಲೆ ಈ ಕಡಿತ ಹಾಕಲು ನಿಯಮ ಬಿಡುವುದಿಲ್ಲ. ಅದನ್ನು ಬರೆಸಿಕೊಳ್ಳಿ.

ಮೂರನೇ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಪ್ಯಾಕೇಜಿನಲ್ಲಿ ಮೀರಿದ್ದು ಆಸ್ಪತ್ರೆಗೆ, ಪಾಲಿಸಿಯಲ್ಲಿ ಮೀರಿದ್ದು ರೋಗಿಗೆ.

ಅಡ್ಮಿಟ್ ಆಗದವರು

ಆಯುಷ್ಮಾನ್ ಕಾರ್ಡಿನಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಸೇರುತ್ತದೆ. ಆರೋಗ್ಯ ಸಂಜೀವಿನಿ ಎಂಬ ಮಾದರಿ ಖಾಸಗಿ ಪಾಲಿಸಿಯಲ್ಲಿ 60 ದಿನದ ಖರ್ಚು. ಅಡ್ಮಿಟ್ ಆಗದೆ ತಿಂಗಳು ತಿಂಗಳು ಶುಗರ್, ಬಿಪಿ ಮಾತ್ರೆ ನುಂಗುವವರಿಗೆ ಎರಡರಿಂದಲೂ ಏನೂ ಸಿಗುವುದಿಲ್ಲ. ಎನ್‌ಎಚ್‌ಎಸ್‌ನಲ್ಲಿ ಊರಿನ ಡಾಕ್ಟರ್ ಭೇಟಿಯೂ ಉಚಿತ. 2021–22ರಲ್ಲೂ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಕೈಯಿಂದ ಕೊಟ್ಟದ್ದು ಶೇ 39.4. ಗಂಜಿನ (ಕೃಷಿ ಮಾರುಕಟ್ಟೆಯ) ಹಮಾಲರ ಮನೆಗಳಲ್ಲಿ ಈ ಪಾಲು ಇಳಿಯಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ತಪ್ಪದೆ ಸಿಗಬೇಕು. ಈ ಸಾಲನ್ನು ಉತ್ತರದಲ್ಲಿ ಬಿಡಬೇಡಿ, ಹೋಲಿಕೆಯ ತೂಕ ಅಲ್ಲಿದೆ.