ದುಬಾರಿ ಪ್ಲೇಯರ್ ಸಿಡಿಯನ್ನು ಜಾಸ್ತಿ ಚೆನ್ನಾಗಿ ಓದುತ್ತದಾ?

ಮರಾಂಟ್ಜ್ ಕಂಪನಿಯ ಸಿಡಿ6007 ಪ್ಲೇಯರ್ 2020ರಲ್ಲಿ ಬಂತು. ಜಪಾನಿನಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರ್ ಅಂಗಡಿಗೆ ಬಂದದ್ದು 1982ರ ಅಕ್ಟೋಬರಿನಲ್ಲಿ. ಅಂದರೆ 38 ವರ್ಷ ಕಳೆದು, ಎಲ್ಲರೂ ಫೋನಿನಲ್ಲೇ ಹಾಡು ಕೇಳುವ ಕಾಲದಲ್ಲಿ, ಸಿಡಿ ಹಾಕುವುದಕ್ಕೆಂದೇ ಮಾಡಿದ ಒಂದು ಪೆಟ್ಟಿಗೆ! ಜೊತೆಗೆ ಪೆನ್‌ಡ್ರೈವ್ ಹಾಕಬಹುದು, ಅಷ್ಟೇ. ಬೆಲೆ ಅಗ್ಗವಲ್ಲ, ಹಾಗಂತ ಲಕ್ಷಗಟ್ಟಲೆಯೂ ಅಲ್ಲ. ಇಂಥ ಪ್ಲೇಯರಿನ ಮಾತೆತ್ತಿದರೆ ಸಾಕು, ಹೈ-ಫೈ ಹುಚ್ಚಿನವರು ಒಂದು ಸಲಹೆ ಕೊಟ್ಟೇ ಕೊಡುತ್ತಾರೆ: "ಇನ್ನೊಂದಿಷ್ಟು ದುಡ್ಡು ಹಾಕಿ ಮೇಲಿನ ಮಾಡೆಲ್ ತಗೊಳ್ಳಿ, ಅದು ಡಿಸ್ಕಿನಿಂದ ಜಾಸ್ತಿ ಡೀಟೇಲ್ ತೆಗೆಯುತ್ತೆ."

ನನಗೆ ರೇಗುವುದು ಇಲ್ಲೇ. ಡಿಸ್ಕಿನಲ್ಲಿ ಇರುವುದು ಸಂಖ್ಯೆಗಳು. ಎಡ-ಬಲ ಚಾನೆಲ್‌ಗಳಿಗೆ ತಲಾ ಸೆಕೆಂಡಿಗೆ ಸದ್ದಿನ 44,100 ಅಳತೆ, ಒಂದೊಂದು ಅಳತೆಗೆ 16 ಬಿಟ್. ಈ 44,100 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಟಿವಿಯಿಂದ. ಆ ಕಾಲದಲ್ಲಿ ಇಷ್ಟೊಂದು ಬಿಟ್ ತುಂಬಿಡಲು ಸುಲಭವಾಗಿ ಸಿಗುತ್ತಿದ್ದದ್ದು ವಿಡಿಯೊ ಟೇಪ್. ಚಿತ್ರದ ಒಂದು ಗೆರೆಗೆ 3 ಅಳತೆ, ಒಂದು ಫೀಲ್ಡಿಗೆ (ಅಂದರೆ ಅರ್ಧ ಚಿತ್ರಕ್ಕೆ) 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿ ನೋಡಿ.

ಈ ಸಂಖ್ಯೆಗಳು ಸಣ್ಣ ಕುಳಿಗಳಾಗಿ ಸುರುಳಿಯಾಕಾರದಲ್ಲಿ ಕೂತಿರುತ್ತವೆ. ಸುತ್ತಿನಿಂದ ಸುತ್ತಿಗೆ 1.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಜಾಸ್ತಿ ಸುತ್ತು. ಇಷ್ಟು ಒತ್ತೊತ್ತಾಗಿ ಬರೆದರೆ ಧೂಳು, ಬೆರಳಚ್ಚು, ಗೀರು ಎಲ್ಲವೂ ಕಾಟ ಕೊಡುತ್ತವೆ ಅಲ್ವಾ? ಕೊಡುತ್ತವೆ. ಫಿಲಿಪ್ಸ್ ಮತ್ತು ಸೋನಿಯವರು ಅದನ್ನು ಮೊದಲೇ ಲೆಕ್ಕ ಹಾಕಿ, ತಪ್ಪು ಓದುವುದು ಗ್ಯಾರಂಟಿ ಎಂದುಕೊಂಡೇ ಸಿಡಿ ಮಾಡಿದರು. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ತಾಳ್ಮೆಯಿರಲಿ.

ಸಂಗೀತದ 24 ಬೈಟ್ ತೆಗೆದುಕೊಂಡು, ಅವುಗಳಿಂದಲೇ ಲೆಕ್ಕ ಮಾಡಿದ 4 ಬೈಟ್ ಸೇರಿಸುತ್ತಾರೆ. ಒಟ್ಟು 28. ಆಮೇಲೆ ಅವನ್ನು ಒಂದೇ ಕಡೆ ಬರೆಯದೆ ನೂರಕ್ಕೂ ಜಾಸ್ತಿ ಫ್ರೇಮ್‌ಗಳ (ಡಿಸ್ಕಿನ ಮೇಲೆ ಸಾಲಾಗಿ ಬರುವ ಸಣ್ಣ ಕಂತುಗಳ) ಉದ್ದಕ್ಕೆ ಚದುರಿಸುತ್ತಾರೆ. ಮದುವೆ ದಿಬ್ಬಣಕ್ಕೆ ಹೊರಟ ಒಂದೊಂದು ಮನೆಯ 28 ಜನರನ್ನು 28 ಬಸ್ಸಿಗೆ ಹಂಚಿದ ಹಾಗೆ. ಒಂದು ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತರೂ ಯಾವ ಮನೆಯವರೂ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ, ಮನೆಗೊಬ್ಬರು ಮಾತ್ರ ಕಡಿಮೆ. ಇಲ್ಲಿನ ಮಜಾ ಏನೆಂದರೆ, ಯಾವ ಜಾಗದ ಬೈಟ್ ಕಳೆದಿದೆ ಎಂದು ಗೊತ್ತಿದ್ದರೆ ಆ 28ರಲ್ಲಿ 4 ಕಳೆದರೂ ಉಳಿದವುಗಳಿಂದ ಲೆಕ್ಕ ಮಾಡಿ ವಾಪಸ್ ಪಡೆಯಬಹುದು. ಎಲ್ಲಿ ಕಳೆದಿದೆ ಎಂದು ಗುರುತು ಹಾಕಲು ಇನ್ನೂ 4 ಬೈಟಿನ ಬೇರೆ ಕಾವಲು ಉಂಟು. ಸಣ್ಣಪುಟ್ಟ ತಪ್ಪನ್ನು ಅದೇ ತಿದ್ದಿಬಿಡುತ್ತದೆ. ಈ ಲೆಕ್ಕದ ಬೇರು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಬರೆದ ಒಂದು ಪುಟ್ಟ ಗಣಿತ ಪ್ರಬಂಧ. ಯುರೇನಸ್ಸಿನ ಚಿತ್ರ ಕಳಿಸುವಾಗ ವಾಯೇಜರ್-2 ನೌಕೆ ಬಳಸಿದ್ದೂ ಇದೇ ವಿದ್ಯೆ.

ಫಲ? ಈ ವಿದ್ಯೆಯನ್ನು ಪೂರ್ತಿ ಬಳಸಿದರೆ ಟ್ರ್ಯಾಕಿನ, ಅಂದರೆ ಆ ಕುಳಿಗಳ ಸುರುಳಿಯ, ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಒಂದೇ ಒಂದು ಬಿಟ್ ವ್ಯತ್ಯಾಸವಿಲ್ಲದೆ ಮೂಲ ಸಂಖ್ಯೆ ಸಿಗುತ್ತದೆ. ಅದೂ ಮೀರಿದರೆ ಪ್ಲೇಯರ್ ಅಕ್ಕಪಕ್ಕದ ಅಳತೆ ನೋಡಿ ಅಂದಾಜು ತುಂಬಿಸುತ್ತದೆ. ಅದಕ್ಕೂ ಆಗದಿದ್ದರೆ ಸದ್ದು ಅಡಗಿಸುತ್ತದೆ, ಟಕ್ ಅನ್ನುತ್ತದೆ, ಇಲ್ಲವೇ ಹಾರುತ್ತದೆ. ವೀಣೆಯ ಗಮಕ ಮಾತ್ರ ಸ್ವಲ್ಪ ಮಂಕಾಗುವಂಥ ತಪ್ಪು ಈ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ. ಹಿಂದೊಮ್ಮೆ ಸಿಡಿಯ ಅಂಚಿಗೆ ಹಸಿರು ಮಾರ್ಕರ್ ಬಳಿದರೆ ನಾದ ಸುಧಾರಿಸುತ್ತದೆ ಎಂಬ ಗುಲ್ಲೆದ್ದಿತ್ತು. ಫ್ರಿಜ್ಜಿನಲ್ಲಿಟ್ಟವರೂ ಇದ್ದರು! ಬಾಗಿಲಿಗೆ ನಿಂಬೆಹಣ್ಣು ಕಟ್ಟುವವರನ್ನು ನಗಾಡುವ ಇಂಜಿನಿಯರುಗಳೇ ಇದನ್ನು ನಂಬಿದ್ದರು.

ಇನ್ನೊಂದು ತಪ್ಪು ತಿಳಿವಳಿಕೆ ಹೊಳೆಯುವ ಬದಿಯದ್ದು. ನಾವೆಲ್ಲ ಅದನ್ನೇ ಜೋಪಾನ ಮಾಡುತ್ತೇವೆ. ಆದರೆ ಆ ಕಡೆ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಇದೆ. ಲೇಸರ್ ಅದರೊಳಗೆ ಹೊಕ್ಕುವ ಕಡೆ ಸುಮಾರು 0.8 ಮಿಲಿಮೀಟರ್ ಅಗಲ ಇರುತ್ತದೆ, ಕುಳಿಗಳ ಹತ್ತಿರ ಬಂದಾಗಷ್ಟೇ ಸೂಜಿಮೊನೆಯಾಗುತ್ತದೆ. ಮೇಲಿನ ಸಣ್ಣಪುಟ್ಟ ಧೂಳು ಅದಕ್ಕೆ ಕಾಣಿಸುವುದೇ ಇಲ್ಲ ಅನ್ನಬಹುದು. ನಿಜವಾಗಿ ನಾಜೂಕಾದದ್ದು ಹೆಸರು ಅಚ್ಚಾಗಿರುವ ಬದಿ. ಅಲ್ಲಿ ಅಲ್ಯೂಮಿನಿಯಂ ಪದರದ ಮೇಲೆ ತೆಳುವಾದ ಲ್ಯಾಕರ್ ಮತ್ತು ಶಾಯಿ, ಅಷ್ಟೇ. ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದರೆ ಕೆಲವು ಸಲ ಕತೆ ಮುಗಿಯಿತು. ಒರೆಸುವಾಗಲೂ ಗುಂಡಗೆ ಒರೆಸಬೇಡಿ, ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಆಗ ಗೀರು ಬಿದ್ದರೂ ಟ್ರ್ಯಾಕನ್ನು ಅಡ್ಡ ದಾಟುತ್ತದೆ, ಒಂದೊಂದು ಸುತ್ತಿನಲ್ಲಿ ಕಳೆಯುವುದು ಕೊಂಚವೇ.

ಹಾಗಾದರೆ ದುಡ್ಡು ಕೊಡುವುದು ಯಾವುದಕ್ಕೆ? ಸಂಖ್ಯೆ ಓದಿಯಾದ ಮೇಲಿನ ಕೆಲಸಕ್ಕೆ. ಸಿಡಿ6007ರಲ್ಲಿ ಸಂಖ್ಯೆಯನ್ನು ವಿದ್ಯುತ್ ಅಲೆಯಾಗಿ ಮಾಡುವುದು ಅಸಾಹಿ ಕಸೇ ಕಂಪನಿಯ ಎಕೆ4490 ಚಿಪ್. ಆಮೇಲೆ ಅನಲಾಗ್ ಸರ್ಕ್ಯೂಟ್, ಪವರ್ ಸಪ್ಲೈ, ಹೆಡ್‌ಫೋನ್ ಆಂಪ್ಲಿಫೈಯರ್, ಸದ್ದಿಲ್ಲದೆ ತಿರುಗುವ ಮೋಟಾರ್. ಇವು ಮುಖ್ಯವೇ, ಆದರೆ ಒಂದು ಮಟ್ಟ ದಾಟಿದ ಮೇಲೆ ಪ್ಲೇಯರಿಗಿಂತ ಸ್ಪೀಕರಿಗೆ ಹಾಕಿದ ದುಡ್ಡೇ ಕಿವಿಗೆ ಜಾಸ್ತಿ ಗೊತ್ತಾಗುತ್ತದೆ ಅನ್ನುವವನು ನಾನು. ನಿಮ್ಮ ಆಂಪ್ಲಿಫೈಯರಿಗೆ ಕೋಆಕ್ಸಿಯಲ್ ಡಿಜಿಟಲ್ ಇನ್‌ಪುಟ್ ಇದ್ದರೆ ಮೊದಲು ಅಟ್ಟದ ಮೇಲಿನ ಹಳೇ ಡಿವಿಡಿ ಪ್ಲೇಯರ್ ಇಳಿಸಿ ನೋಡಿ. ಹಿಂಬದಿಯಲ್ಲಿ ಕೋಆಕ್ಸಿಯಲ್ ಎಂದು ಬರೆದ ಸಾಕೆಟ್ ಸಿಕ್ಕಿದರೆ, ಓದಿದ ಸಂಖ್ಯೆಗಳನ್ನು ಹಾಗೇ ಆಂಪ್ಲಿಫೈಯರಿಗೆ ಕಳಿಸಲು ಒಂದು ವೈರು ಸಾಕು.