ಸ್ಟಾರ್ಟರ್‌ನ ಮೂರನೇ ಪೋಲ್ ಖಾಲಿ ಬಿಡಬೇಡಿ

ಅಡಿಕೆ ಸುಲಿಯುವ ಸೀಸನ್ ಬಂತೆಂದರೆ ನನ್ನ ರಿವೈಂಡಿಂಗ್ ಅಂಗಡಿಗೆ ಓವರ್‌ಲೋಡ್ ರಿಲೇಗಳ ಮೆರವಣಿಗೆ. ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ಸ್ಟಾರ್ಟರ್ ಆಫ್ ಮಾಡಿಸುವ ಭಾಗ ಅದು. "ಅಣ್ಣಾ, ರಿಲೇ ಕೆಟ್ಟಿದೆ, ಸುಮ್ನೆ ಟ್ರಿಪ್ ಆಗ್ತದೆ, ಬೇರೆ ಕೊಡಿ" ಅಂತ ತರುತ್ತಾರೆ. ಟೇಬಲ್ ಮೇಲಿಟ್ಟು ಕರೆಂಟ್ ಹರಿಸಿ ನೋಡಿದರೆ ಹೆಚ್ಚಿನವು ಚೆನ್ನಾಗೇ ಇರುತ್ತವೆ. ತಪ್ಪಿರುವುದು ವೈರಿಂಗಿನಲ್ಲಿ.

ಪ್ರತಿ ಸಲ ಇದೇ ಕತೆ. ತೋಟದ ಪಂಪ್ ಬದಲಾಗಿದೆ, ಹಳೇ ತ್ರೀ ಫೇಸ್ ಸ್ಟಾರ್ಟರ್ ಅಟ್ಟದಲ್ಲಿ ಬಿದ್ದಿದೆ. ಮನೆಗೆ 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ಸುಲಿಯುವ ಮೆಷಿನ್ ಬಂತು. ಹೊಸ ಸ್ಟಾರ್ಟರ್ ಯಾಕೆ, ಇದನ್ನೇ ಹಾಕೋಣ ಅಂತಾರೆ. ಹಾಕಬಹುದು, ನಾನೇನೂ ಬೇಡ ಅನ್ನುವುದಿಲ್ಲ. ಒಳ್ಳೇ ಸ್ಟಾರ್ಟರ್ ಗುಜರಿಗೆ ಹೋದರೆ ನನಗೂ ಸಂಕಟ. ಆದರೆ ಸ್ಟಾರ್ಟರ್‌ನಲ್ಲಿ ಕರೆಂಟ್ ಹೋಗುವ ದಾರಿ ಮೂರು, ಒಂದೊಂದಕ್ಕೂ ಪೋಲ್ ಅನ್ನುತ್ತೇವೆ. ಫೇಸ್ ಒಂದು ಪೋಲ್‌ಗೆ, ನ್ಯೂಟ್ರಲ್ ಇನ್ನೊಂದಕ್ಕೆ ಕೊಟ್ಟು ಮೂರನೆಯದನ್ನು ಖಾಲಿ ಬಿಡುತ್ತಾರಲ್ಲ, ಕೆಡುವುದು ಅಲ್ಲೇ.

ರಿಲೇ ಒಳಗೆ ಮೂರು ಬೈಮೆಟಲ್ ಪಟ್ಟಿಗಳಿವೆ, ಪೋಲ್‌ಗೆ ಒಂದರಂತೆ. ಕರೆಂಟ್ ಜಾಸ್ತಿ ಹರಿದರೆ ಅವು ಬಿಸಿಯಾಗಿ ಬಾಗುತ್ತವೆ, ಬಾಗಿ ಒಂದು ಸಣ್ಣ ಪ್ಲಾಸ್ಟಿಕ್ ಸಲಾಕೆಯನ್ನು ತಳ್ಳುತ್ತವೆ, ಅದು ಕಾಂಟ್ಯಾಕ್ಟ್ ಬಿಡಿಸುತ್ತದೆ. ಈಗಿನ ಹೆಚ್ಚಿನ ರಿಲೇಗಳಲ್ಲಿ ಇಂಥ ಸಲಾಕೆ ಎರಡು ಇರುತ್ತವೆ. ಎರಡು ಪಟ್ಟಿ ಬಾಗಿ ಒಂದು ಮಾತ್ರ ತಣ್ಣಗೆ ನಿಂತರೆ ಸಲಾಕೆಗಳ ನಡುವೆ ಅಂತರ ಬೀಳುತ್ತದೆ, ರಿಲೇ ಬೇಗ ಟ್ರಿಪ್ ಆಗುತ್ತದೆ. ತ್ರೀ ಫೇಸ್ ಮೋಟಾರಿಗೆ ಒಂದು ಫೇಸ್ ಹೋದಾಗ ಕಾಪಾಡಲಿ ಅಂತಲೇ ಹಾಗೆ ಮಾಡಿದ್ದಾರೆ. ನೀವು ಖಾಲಿ ಬಿಟ್ಟ ಪೋಲ್ ಅದರ ಲೆಕ್ಕದಲ್ಲಿ ಹೋದ ಫೇಸ್. ಅದು ತನ್ನ ಕೆಲಸ ಮಾಡುತ್ತಿದೆ, ಅಷ್ಟೇ.

ಹಳೇ ಕಾಲದ ರಿಲೇ ಆದರೆ ಉಲ್ಟಾ. ಅಲ್ಲಿ ಮೂರೂ ಪಟ್ಟಿ ಸೇರಿ ತಳ್ಳುವ ಲೆಕ್ಕ. ಎರಡೇ ತಳ್ಳಿದರೆ ಬಲ ಸಾಲದೆ ತಡವಾಗುತ್ತದೆ. ಮೂರೂ ಪೋಲ್‌ನಲ್ಲಿ ಸೆಟ್ಟಿಂಗ್‌ನ, ಅಂದರೆ ರಿಲೇಯ ಡಯಲ್‌ನಲ್ಲಿ ಇಟ್ಟ ಆಂಪ್ಸ್‌ನ, 1.2 ಪಟ್ಟು ಹರಿದರೆ 2 ಗಂಟೆಯೊಳಗೆ ಟ್ರಿಪ್ ಆಗಬೇಕು ಅನ್ನುವುದು ನಿಯಮ. ಫೇಸ್ ಹೋದದ್ದನ್ನು ಗುರುತಿಸದ ರಿಲೇಗೆ ಎರಡೇ ಪೋಲ್ ಕೊಟ್ಟರೆ 1.32 ಪಟ್ಟಿನವರೆಗೂ ಸುಮ್ಮನಿರಲು ರಿಯಾಯಿತಿ ಇದೆ. ಅಷ್ಟು ಕರೆಂಟ್ ತಾಸುಗಟ್ಟಲೆ ಕುಡಿದರೆ ಮೋಟಾರ್ ಉಳಿಯುತ್ತದಾ?

ಹಾಗಾಗಿ ಮೂರೂ ಪೋಲ್‌ನಲ್ಲಿ ಕರೆಂಟ್ ಹರಿಯಲೇಬೇಕು. ಸ್ಟಾರ್ಟರ್‌ನ ಮೇಲಿನ ಟರ್ಮಿನಲ್‌ಗಳು ಎಲ್1, ಎಲ್2, ಎಲ್3, ಕೆಳಗಿನವು ಟಿ1, ಟಿ2, ಟಿ3. ಫೇಸ್ ಎಲ್1ಗೆ ಬರಲಿ. ರಿಲೇ ದಾಟಿ ಕೆಳಗೆ ಟಿ1ರಲ್ಲಿ ಹೊರಬಂದದ್ದನ್ನು ಒಂದು ಗೇಣು ವೈರಿನಲ್ಲಿ ಮತ್ತೆ ಮೇಲಕ್ಕೆ ತಂದು ಎಲ್2ಗೆ ಕೊಡಿ. ಟಿ2ರಿಂದ ಮೋಟಾರಿಗೆ. ನ್ಯೂಟ್ರಲ್ ಎಲ್3ಕ್ಕೆ ಬಂದು ಟಿ3ರಿಂದ ಮೋಟಾರಿಗೆ. ಲೂಪ್ ವೈರ್ ಮೇನ್ ವೈರಿನಷ್ಟೇ ದಪ್ಪ ಇರಲಿ. ಕೈಗೆ ಸಿಕ್ಕಿದ ಸಣ್ಣ ವೈರ್ ತುರುಕಬೇಡಿ.

ಇಷ್ಟು ಹೇಳಿದ ಮೇಲೂ ಬರುವ ಪ್ರಶ್ನೆ, "ಮೋಟಾರ್ 12 ಆಂಪ್ಸ್ ಅಂದ್ರೆ ಮೂರು ಪೋಲ್‌ಗೆ ನಾಲ್ಕು ನಾಲ್ಕು ಅಲ್ವಾ?" ಅಲ್ಲ. ಒಂದೇ ಪೈಪಿಗೆ ಸಾಲಾಗಿ ಮೂರು ಗೇಟ್‌ವಾಲ್ವ್ ಕೂರಿಸಿದರೆ ಮೂರರಲ್ಲೂ ಹರಿಯುವುದು ಅದೇ ನೀರು. ಇಲ್ಲೂ ಹಾಗೇ, ಒಂದೊಂದರಲ್ಲೂ ಪೂರ್ತಿ 12. ರಿಲೇ ಸೆಟ್ಟಿಂಗ್ ಮೋಟಾರಿನ ತಗಡಿನ ಮೇಲೆ ಬರೆದ ಆಂಪ್ಸ್‌ಗೇ ಇಡಬೇಕು. 2 ಎಚ್‌ಪಿ ತ್ರೀ ಫೇಸ್ ಮೋಟಾರ್ ಸುಮಾರು ಮೂರೂವರೆ ಆಂಪ್ಸ್ ಎಳೆದರೆ ಅದೇ 2 ಎಚ್‌ಪಿ ಸಿಂಗಲ್ ಫೇಸ್ 11-12 ಎಳೆಯುತ್ತದೆ. ಹಳೇ ಪಂಪಿನ ರಿಲೇಯ ಡಯಲ್ ಅಷ್ಟು ದೂರ ಹೋಗದಿದ್ದರೆ ರಿಲೇ ಬದಲಿಸಬೇಕು. ಬೇರೆ ದಾರಿ ಇಲ್ಲ.

ಕಾಂಟ್ಯಾಕ್ಟರನ್ನು, ಅಂದರೆ ಸ್ಟಾರ್ಟರ್ ಒಳಗಿನ ದೊಡ್ಡ ಸ್ವಿಚ್ಚನ್ನು, ಎಳೆದು ಹಿಡಿಯುವ ಕಾಯಿಲ್ ಕೂಡ ನೋಡಿ. 415 ವೋಲ್ಟ್ ಕಾಯಿಲ್‌ಗೆ 240 ಕೊಟ್ಟರೆ ಕಾಂಟ್ಯಾಕ್ಟರ್ ಎಳೆಯುವುದೇ ಇಲ್ಲ, ಇಲ್ಲಾ ಗರ್ ಅಂತ ಅದುರುತ್ತಾ ಕಾಂಟ್ಯಾಕ್ಟ್ ಸುಟ್ಟುಕೊಳ್ಳುತ್ತದೆ. ಪಂಪಿನ ಕೆಲವು ಸ್ಟಾರ್ಟರ್‌ಗಳಲ್ಲಿ ಕಡಿಮೆ ವೋಲ್ಟೇಜಿಗೂ ಎಳೆಯುವ ಕಾಯಿಲ್ ಇರುತ್ತದೆ. ಅದಕ್ಕೇ ಮೇಲೆ ಬರೆದದ್ದನ್ನು ಓದಿ ಅನ್ನುವುದು. ಕಾಯಿಲ್ ವೈರ್ ಎಲ್2ರಿಂದ ಬಂದಿದ್ದರೆ ಎಲ್1 ಮತ್ತು ಎಲ್3ಕ್ಕೆ ಬದಲಿಸಿ. ಕಾಂಟ್ಯಾಕ್ಟರ್ ಎಳೆಯುವವರೆಗೆ ಎಲ್2ರಲ್ಲಿ ಕರೆಂಟೇ ಇರುವುದಿಲ್ಲ, ಎಷ್ಟು ಸಲ ಹಸಿರು ಬಟನ್ ಒತ್ತಿದರೂ ಅಷ್ಟೇ. ಒಳಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ಇದ್ದರೆ ಅದನ್ನು ಸರ್ಕ್ಯೂಟಿನಿಂದ ತೆಗೆಯಬೇಕು. ಎಲೆಕ್ಟ್ರಾನಿಕ್ ರಿಲೇ ಆದರೆ ಕಂಪನಿಯ ಹಾಳೆ ನೋಡದೆ ನಾನು ಏನೂ ಹೇಳುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಮನೆಯ ಸ್ಟಾರ್ಟರ್ ಬಿಚ್ಚಿದಾಗ ನನಗೆ ನಿಜವಾಗಿ ಭಯವಾಯ್ತು. ಟರ್ಮಿನಲ್ ಮೂರು, ವೈರೂ ಮೂರು ಅಂತ ಯಾರೋ ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಸಾಲಾಗಿ ಕೊಟ್ಟಿದ್ದರು. ಸ್ಟಾರ್ಟರ್ ಆಫ್ ಆದರೆ ಮೆಷಿನ್ನಿಗೆ ಅರ್ಥೇ ಇಲ್ಲ. ಆನ್ ಇದ್ದಾಗಲೂ ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ಇಲ್ಲ. ಆ ಮೆಷಿನ್ ಮುಂದೆ ಮನೆಯ ಹೆಂಗಸರು ರಾತ್ರಿ 11ರವರೆಗೆ ಕೂತಿರುತ್ತಾರೆ. ಅರ್ಥ್ ವೈರ್ ಯಾವ ಸ್ವಿಚ್ಚಿನ ಮೂಲಕವೂ ಹೋಗಬಾರದು, ನೇರ ಮೋಟಾರಿನ ಬಾಡಿಗೆ ಹೋಗಬೇಕು. ಅರ್ಥ್‌ನ ಪೋಲ್ ತಣ್ಣಗೇ ಇರುತ್ತದಲ್ಲ, ಹಾಗಾಗಿ ಅಲ್ಲೂ ರಿಲೇ ಪದೇ ಪದೇ ಟ್ರಿಪ್. ಬೇಸತ್ತು ರಿಲೇಯ ಟ್ರಿಪ್ ಕಾಂಟ್ಯಾಕ್ಟಿನ 95-96 ಟರ್ಮಿನಲ್‌ಗಳಿಗೆ ಒಂದು ತುಂಡು ತಂತಿ ಸುತ್ತಿ ರಿಲೇಯನ್ನೇ ದಾಟಿಸಿದ್ದರು. ಒಂದು ಸಂಜೆ ಸಿಪ್ಪೆ ಸಿಕ್ಕಿ ಮೆಷಿನ್ ನಿಂತಿತು, ಮೋಟಾರ್ ಸುಟ್ಟುಹೋಯಿತು. ನನ್ನ ಅಂಗಡಿಗೆ ಬಂದಾಗಲೂ ವಾರ್ನಿಷ್ ಸುಟ್ಟ ವಾಸನೆ ಹೋಗಿರಲಿಲ್ಲ.

ರಿವೈಂಡ್ ಮಾಡಿ, ಲೂಪ್ ಹಾಕಿ, ಅರ್ಥ್ ನೇರ ಮಾಡಿಕೊಟ್ಟೆ. ಮನೆಯ ಯಜಮಾನರು ಲೂಪ್ ವೈರನ್ನೇ ನೋಡುತ್ತಾ "ಇಷ್ಟುದ್ದ ವೈರ್ ಇಲ್ಲದೆ ಇಷ್ಟೆಲ್ಲ ಆಯ್ತನಾ ಮಾರಾಯಾ?" ಅಂದರು. ಹೌದು ರಾಯರೇ, ಅಂದೆ.

ಇದನ್ನು ಓದಿ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ, ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ, ಬೇಕಾದರೆ ಇದನ್ನು ಅವರಿಗೆ ತೋರಿಸಿ. ಅವರಲ್ಲೂ ಕೆಲವರು ಆ ಲೂಪ್ ನೋಡಿ ಯಾರೋ ದಡ್ಡರು ದಂಡಕ್ಕೆ ಹಾಕಿದ್ದು ಅಂತ ಕತ್ತರಿಸಿ ಎಸೆದದ್ದಿದೆ. ಅದಕ್ಕೇ ಈಗ ಅಂಥ ಸ್ಟಾರ್ಟರ್ ಕೊಡುವಾಗ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಲೂಪಿನ ಚಿತ್ರ ಬರೆದು, ಕೆಳಗೆ "ಇದನ್ನು ತೆಗೆಯಬೇಡಿ" ಅಂತ ದೊಡ್ಡದಾಗಿ ಬರೆದೇ ಕೊಡುತ್ತೇನೆ.